ಗುರ್ಕಾರರ ಸಹಿ

"ಚರ್ಚಿಗೆ ಬಾರದವರಿಗೆ ನಾನು ಸಹಿ ಹಾಕುದಿಲ್ಲ. ಬೇಕಾದ್ರೆ ಹೋಗಿ ಫಾದರ್ ಹತ್ರವೇ ದೂರು ಹೇಳಿ!"

ಚರ್ಚಿನ ವಾರ್ಡಿನ ಮುಖ್ಯಸ್ಥ, ಗುರ್ಕಾರ ಇನಾಸರು ಶಾಲೆಯ ಅರ್ಜಿಯನ್ನು ಮೇಜಿನ ಮೇಲೆ ಎಸೆದರು. ಮೇ ತಿಂಗಳು ಬಂತೆಂದರೆ ಅವರ ಜಗಲಿಯಲ್ಲಿ ಇದೇ ಕಥೆ. ಇಂಥವರು ನಮ್ಮ ಚರ್ಚಿನವರು ಎಂದು ಹದಿನೆಂಟು ವರ್ಷ ಸಹಿ ಹಾಕಿ ಹಾಕಿ ಅವರಿಗೆ ಸಾಕುಸಾಕಾಗಿತ್ತು. ದೇವರು ಯಾರಿಗೂ ಬೇಡ, ಕಾನ್ವೆಂಟಿನ ಸೀಟು ಮಾತ್ರ ಎಲ್ಲರಿಗೂ ಬೇಕು.

"ನಾನು ಪ್ರತಿ ಭಾನುವಾರ ಬರ್ತೇನೆ ಗುರ್ಕಾರ್ರೇ," ಎಂದಳು ಕಾರ್ಮಿನ್. "ತಾಯಿಯಿಲ್ಲದ ಮೊಮ್ಮಗಳು. ಸೋಮವಾರ ಕಡೇ ದಿನ."

"ಎರಡು ವರ್ಷದಿಂದ ನಿಮ್ಮ ಮುಖ ಕಂಡವನಲ್ಲ ನಾನು. ದೇವರ ವಿಷಯದಲ್ಲಾದ್ರೂ ಸುಳ್ಳು ಹೇಳ್ಬೇಡಿ ಮಾರಾಯ್ತಿ!"

"ಮುಖ ಕಾಣ್ಬೇಕಾದ್ರೆ ತಲೆ ಎತ್ತಿ ನೋಡ್ಬೇಕಲ್ಲ."

"ಓಹೋ, ಈಗ ತಪ್ಪು ನನ್ನದಾ? ನಡೀರಿ, ನಡೀರಿ!"

ಕಾರ್ಮಿನ್ ಗೇರುಬೀಜ ಸುಲಿದು ಸುಲಿದು ಕಪ್ಪಾಗಿದ್ದ ಬೆರಳುಗಳಿಂದ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ, ಸೊಂಟಕ್ಕೆ ಸಿಕ್ಕಿಸಿಕೊಂಡು, ಮೆಟ್ಟಿಲಿಳಿದು ಹೊರಟುಹೋದಳು. ಇನಾಸರು ಆ ಕೈಗಳನ್ನೇ ನೆನೆಯುತ್ತ ಕುಳಿತರು. ಎಲ್ಲೋ ಕಂಡ ಹಾಗಿತ್ತು.

ಭಾನುವಾರ ಪೂಜೆಯ ನಡುವೆ ಫಾದರ್, "ಒಬ್ಬರಿಗೊಬ್ಬರು ಶಾಂತಿ ಕೋರಿರಿ," ಎಂದರು. ಇನಾಸರು ಎಂದಿನಂತೆ ತಲೆ ತಗ್ಗಿಸಿಕೊಂಡೇ ಹಿಂದಿನ ಬೆಂಚಿನತ್ತ ತಿರುಗಿ ಕೈಮುಗಿದರು.

ವಾರ ವಾರವೂ ಅಲ್ಲಿಂದ ತಮಗೆ ಮರಳಿ ಮುಗಿಯುತ್ತಿದ್ದ, ಬೆರಳೆಲ್ಲ ಕಪ್ಪಾದ ಆ ಎರಡು ಕೈಗಳು ಅಂದು ಅಲ್ಲಿರಲಿಲ್ಲ.