ನೋಡೋಣ

“ಇವತ್ತರ ತೆಗೀತೀರೇನ್ರಿ, ಅಮ್ಮಾರ?” ಸ್ಟೂಲಿನ ತುದಿಯಲ್ಲಿ ಕೂತ ಸಾಬಮ್ಮ ಕೇಳಿದಳು. ಹೊಟ್ಟೆಯಲ್ಲಿರುವುದು ಬೇಡವೆಂದು ಅವಳು ಬರುತ್ತಿರುವುದು ಇದು ಮೂರನೆಯ ಸಲ. ಸೆರಗಿನಲ್ಲಿ ಸಿಮೆಂಟಿನ ಧೂಳಿತ್ತು. ಕೊಂಡಾಪುರದಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟಿನ ಕೆಲಸಕ್ಕೆ ಅರ್ಧ ದಿನ ಚಕ್ಕರ್ ಹೊಡೆದು ತೆಲುಗು ಸೀಮೆಯ ಲಿಂಗಂಪಲ್ಲಿಯ ಈ ಕ್ಲಿನಿಕ್ಕಿಗೆ ಬಂದಿದ್ದಳು.

ಡಾಕ್ಟರ್ ಕೋಕಿಲಾಗೆ ರೇಗಿತು. ಈ ಹೆಂಗಸಿಗೆ ಕನ್ನಡ ಅರ್ಥವಾಗುವುದಿಲ್ಲವೇ? ಮೊದಲ ಸಲವೇ “ನೋಡೋಣಮ್ಮ” ಎಂದಾಗಿತ್ತು. ಎರಡನೆಯ ಸಲ, “ಮನೆಯವರ ಜೊತೆ ಇನ್ನೊಮ್ಮೆ ಮಾತಾಡಿ, ಮುಂದಿನ ತಿಂಗಳು ಬನ್ನಿ, ನೋಡೋಣ” ಎಂದಾಗಿತ್ತು. ಕೋಕಿಲಾ ಹುಟ್ಟಿ ಬೆಳೆದ ಮೈಸೂರಿನಲ್ಲಿ ಇಷ್ಟು ಸಾಕು. ಅಲ್ಲಿ ಮಗಳ ಜಾತಕ ತಂದವರಿಗಾಗಲಿ, ಬಾಡಿಗೆಗೆ ಮನೆ ಕೇಳಿದವರಿಗಾಗಲಿ ‘ನೋಡೋಣ’ ಎಂದುಬಿಟ್ಟರೆ, ಕಾಫಿ ಕುಡಿದು, ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಾರೆ. ‘ಇಲ್ಲ’ ಎಂದು ಬಾಯಿಬಿಟ್ಟು ಹೇಳುವ ಪಾಪ ಯಾರಿಗೂ ತಟ್ಟುವುದಿಲ್ಲ.

ಗರ್ಭ ತೆಗೆಯುವ ಕೆಲಸ ಕೋಕಿಲಾಗೆ ಆಗದು. ಕಾನೂನು ಒಪ್ಪಿದರೂ ಅವಳ ಮನಸ್ಸು ಒಪ್ಪದು. ಎಷ್ಟೇ ಚಿಕ್ಕದಾಗಲಿ ಜೀವ ಜೀವವೇ ಎಂಬುದು ಅವಳ ನಂಬಿಕೆ. ಕೆಲಸಕ್ಕೆ ಸೇರಿದ ದಿನವೇ ಕ್ಲಿನಿಕ್ಕಿನವರಿಗೆ ಹೇಳಿದ್ದಳು. ಹೇಳದೆ ಉಳಿಸಿದ್ದು ಬಂದ ಹೆಂಗಸರಿಗೆ ಮಾತ್ರ. ಕಷ್ಟವೆಂದು ಬಂದವರ ಮುಖಕ್ಕೆ ಹೊಡೆದಂತೆ ಹೇಗೆ ಹೇಳುವುದು? ಅದೂ ಅಲ್ಲದೆ, ದಿನ ದೂಡಿದರೆ ಅವರ ಮನಸ್ಸು ತಿರುಗಿದರೂ ತಿರುಗೀತು ಎಂಬ ಆಸೆ. ಹಾಗೆ ತಿರುಗಿದವರೂ ಇದ್ದರು. ಒಬ್ಬಳು ಮಗುವನ್ನು ಎತ್ತಿಕೊಂಡು ಬಂದು ತೋರಿಸಿದಾಗ ಕೋಕಿಲಾ ಹಿಗ್ಗಿ ಹೀರೇಕಾಯಿಯಾಗಿದ್ದಳು.

“ಮನೆಯವರು ಏನಂದ್ರು?” ಎಂದಳು, ಇನ್ನೊಂದು ‘ನೋಡೋಣ’ಕ್ಕೆ ದಾರಿ ಮಾಡಿಕೊಳ್ಳುತ್ತ.

“ಅವ ಏನಂತಾನ್ರಿ? ನಿನ್ನ ಹೊಟ್ಟಿ, ನಿನ್ನ ಖುಷಿ ಅಂದ. ಸಣ್ಣಾಕಿ ಇನ್ನ ಮೊಲಿ ಬಿಟ್ಟಿಲ್ಲ. ಹೊಟ್ಟಿ ಕಂಡ್ರ ಮೇಸ್ತ್ರಿ ಕೆಲಸಕ್ಕ ಬ್ಯಾಡ ಅಂತಾನ. ಇದೊಂದು ಬ್ಯಾಡಂತ ಎಳ್ಳ ಅಮಾಸಿ ಮುಂದನ ಹೇಳೀನಲ್ರಿ. ಈಗ ಶಿವರಾತ್ರಿ ಬಂತು.”

“ಮತ್ತೆ ಬೇರೆ ಕಡೆ ಯಾಕೆ ಹೋಗಲಿಲ್ಲ ನೀವು?”

ಸಾಬಮ್ಮ ಕಣ್ಣರಳಿಸಿದಳು. “ನೀವ ನೋಡೂಣಂದ ಮ್ಯಾಲ ಬ್ಯಾರೆ ಕಡಿ ಯಾಕ ಹೋಗ್ಲಿರಿ? ಡಾಕ್ಟರು ನೋಡೂದಂದ್ರ ಔಷಧ ಮಾಡೂದ ಅಲ್ಲೇನ್ರಿ? ತೆಲುಗು ಡಾಕ್ಟರು ಭಾಳ ಮಂದಿ ಅದಾರ, ಅವರ ಮಾತು ನನಗ ಪೂರಾ ತಿಳಿಯಂಗಿಲ್ಲ. ನಿಮ್ದು ಕನ್ನಡ ಅಂತ ಬಂದೀನ್ರಿ.”

ಬಾಗಿಲ ಬಳಿ ಬಿ.ಪಿ. ಪಟ್ಟಿ ಸುತ್ತಿಡುತ್ತಿದ್ದ ನರ್ಸ್ ದಾನೇಶ್ವರಿ ಬೀದರಿನವಳು. ತಲೆ ಎತ್ತದೆಯೇ ಹೇಳಿದಳು: “ನಮ್ಮ ಕಡಿ ಆಗಂಗಿಲ್ಲಂದ್ರ ಆಗಂಗಿಲ್ಲ ಅಂತಾರ್ರಿ, ಮೇಡಂ.”

ಕೋಕಿಲಾ ಕುರ್ಚಿಯಿಂದ ಎದ್ದಳು. ಸಾಬಮ್ಮನನ್ನು ಮಲಗಿಸಿ ಹೊಟ್ಟೆ ಮುಟ್ಟಿ ನೋಡಿದಳು. ನಾಲ್ಕು ತಿಂಗಳು ತುಂಬುತ್ತ ಬಂದಿತ್ತು. ಮೊದಲ ಸಲವೇ ಆಗಿದ್ದರೆ ಗುಳಿಗೆಯಲ್ಲಿ ಮುಗಿಯುತ್ತಿತ್ತು. ಈಗ ಕಾನೂನಿನ ಗಡುವು ಮೀರಿಲ್ಲವಾದರೂ ದೊಡ್ಡ ಆಸ್ಪತ್ರೆಗೆ ಸೇರಬೇಕು, ಹೆರಿಗೆಯ ಹಾಗೆಯೇ ನೋವು ತಿನ್ನಬೇಕು. ಕೋಕಿಲಾಗೆ ನಾಚಿಕೆಯಾಯಿತು. ತನ್ನ ನಂಬಿಕೆಗಲ್ಲ, ಅದನ್ನು ಇಷ್ಟು ದಿನ ಸಿಹಿಮಾತಿನೊಳಗೆ ಬಚ್ಚಿಟ್ಟದ್ದಕ್ಕೆ.

“ಸಾಬಮ್ಮ, ನಾನು ಇದನ್ನ ಮಾಡೋದಿಲ್ಲ,” ಎಂದಳು. “ಇವತ್ತೂ ಇಲ್ಲ, ಯಾವತ್ತೂ ಇಲ್ಲ. ನನ್ನ ಮನಸ್ಸು ಒಪ್ಪಲ್ಲ. ಮೊದಲ ದಿನವೇ ಹೇಳಬೇಕಿತ್ತು, ತಪ್ಪು ನನ್ನದು. ನಾಂಪಲ್ಲಿ ಹತ್ತಿರ ಸರ್ಕಾರಿ ಆಸ್ಪತ್ರೆಯಲ್ಲಿ ನನ್ನ ಜೊತೆ ಓದಿದ ನಲಿನಿ ಇದ್ದಾಳೆ, ಅವಳು ಮಾಡ್ತಾಳೆ. ಈಗಲೇ ಫೋನ್ ಮಾಡ್ತೀನಿ. ಮಾತಿಗೆ ತೊಂದರೆ ಆಗದ ಹಾಗೆ ದಾನೇಶ್ವರಿ ನಿಮ್ಮ ಜೊತೆ ಬರ್ತಾಳೆ.”

ನಲಿನಿ ಮರುದಿನ ಬೆಳಿಗ್ಗೆಯೇ ಕಳಿಸು ಎಂದಳು. ಸಾಬಮ್ಮ ಸಿಟ್ಟಾಗಲಿಲ್ಲ. ನಾಲ್ಕು ಮಾತು ಬೈದಿದ್ದರೆ ಕೋಕಿಲಾಗೆ ಎಷ್ಟೋ ಹಗುರವಾಗುತ್ತಿತ್ತು. ಮಂಚದಿಂದ ಇಳಿದು ಸೆರಗು ಸರಿಮಾಡಿಕೊಳ್ಳುತ್ತಿದ್ದವಳು ತಟ್ಟನೆ ನಿಂತು, ಅಂಗೈಯನ್ನು ಹೊಟ್ಟೆಗೆ ಒತ್ತಿ ಹಿಡಿದಳು.

“ಏನಾಯ್ತು? ನೋವಾ?”

“ಇಲ್ರಿ. ಮಿಸುಕಾಡಾಕತ್ತೈತಿ,” ಎಂದಳು ಸಾಬಮ್ಮ ಮೆಲ್ಲಗೆ. “ನಾ ಮೊದಲ ಸಲ ಬಂದಾಗ ಇದಕ್ಕ ಮಿಸುಕಾಡಾಕ ಬರ್ತಿದ್ದಿಲ್ರಿ.”