ಉತ್ತರವಿಲ್ಲ

2019ರ ಮಾರ್ಚ್ 12, ಮಂಗಳವಾರ, ಬೆಳಗ್ಗೆ 9 ಗಂಟೆ 40 ನಿಮಿಷ. ಎದೆಹಾಲಿನ ಸೀಸೆಯ ಚೀಟಿಯ ಮೇಲೆ ಬೊಲೆಟ್ ಇಷ್ಟನ್ನು ಬರೆದು, ಅದನ್ನು ಡೆನ್ಮಾರ್ಕಿನ ಪುರಸಭೆ ಕಚೇರಿಯ ಫ್ರಿಜ್‌ನಲ್ಲಿ ಇಟ್ಟು ಬಂದಳು. ಗ್ರೀನ್‌ಲ್ಯಾಂಡಿನ ಮೀನು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಚೀಟಿ ಬರೆದ ಕೈ ಅದು. ಹಾಲು ಅವಳ ಅಣ್ಣನ ಮಗಳು ಇವಾಲುವಿನದು. ಅದನ್ನು ಕುಡಿಯಬೇಕಾದ ಹತ್ತೊಂಬತ್ತು ದಿನದ ಕೂಸನ್ನು ಡೆನ್ಮಾರ್ಕಿನ ಅಧಿಕಾರಿಗಳು ಬೇರೆಯವರ ಮನೆಯಲ್ಲಿಟ್ಟಿದ್ದರು. ಇವಾಲು ಮಗು ಸಾಕಬಲ್ಲಳೇ ಎಂದು ಇವತ್ತಿನ ಪರೀಕ್ಷೆ ಹೇಳಬೇಕಿತ್ತು. ಸಾಕಬಲ್ಲಳು ಎಂದರೆ ಕೂಸು ಮನೆಗೆ. ಇಲ್ಲವೆಂದರೆ ಎಂದೆಂದಿಗೂ ಅಲ್ಲೇ.

ಮನಶ್ಶಾಸ್ತ್ರಜ್ಞೆ ಸಿಗ್ನೆ ಕೆಟ್ಟವಳೇನಲ್ಲ. ತಾನೇ ಕಾಫಿ ಬಗ್ಗಿಸಿ ಕೊಟ್ಟಳು. "ದುಭಾಷಿ ಫೋನಲ್ಲಿದ್ದಾರೆ. ನೀವು ಜೊತೆಗೆ ಕೂರಬಹುದು ಬೊಲೆಟ್, ಅದು ಅವಳ ಹಕ್ಕು. ಆದ್ರೆ ಮಧ್ಯೆ ಬಾಯಿ ಹಾಕೋ ಹಾಗಿಲ್ಲ. ನಿಮ್ಮ ಭಾಷೇಲಂತೂ ಒಂದು ಮಾತೂ ಬೇಡ, ನನಗೆ ತಿಳಿಯಲ್ಲ." ಆಮೇಲೆ ಇವಾಲುವಿನ ಕಡೆ ತಿರುಗಿದಳು. "ಕೂಸು ಅತ್ತರೆ ಯಾಕೆ ಅಳ್ತಿದೆ ಅಂತ ನಿಮಗೆ ಗೊತ್ತಾಗುತ್ತಾ?"

ಫೋನಿನ ದನಿ ಅದನ್ನು ಗ್ರೀನ್‌ಲ್ಯಾಂಡಿನ ಮಾತಿಗೆ ತಿರುಗಿಸಿತು. ಇವಾಲು ಎರಡೂ ಹುಬ್ಬು ಮೇಲೆತ್ತಿದಳು. ಗ್ರೀನ್‌ಲ್ಯಾಂಡಿನವರಲ್ಲಿ ಹೌದೆನ್ನುವುದೇ ಹಾಗೆ. ತೊಟ್ಟಿಲ ಕೂಸಿಗೂ ಅದು ಗೊತ್ತು.

"ಏನೂ ಹೇಳ್ಲಿಲ್ಲ ಅವರು," ಎಂದಿತು ಫೋನು.

ಸಿಗ್ನೆ ಬರೆದಳು: ಉತ್ತರವಿಲ್ಲ.

"ಅಯ್ಯೋ, ಹೇಳಿದಳಲ್ಲಮ್ಮ!" ಬೊಲೆಟ್ ಇವಾಲುವಿಗೆ ತಿಳಿಯದ ಡ್ಯಾನಿಷಿನಲ್ಲೇ ಅಂದಳು. "ಹುಬ್ಬು ಎತ್ತಿದ್ದು ಕಾಣ್ಲಿಲ್ವಾ? ಹೌದು ಅಂದ್ಳು. ಪಾಪ, ಫೋನಿಗೆ ಕಣ್ಣೆಲ್ಲಿದೆ?"

"ಹುಬ್ಬು ಬರೆಯೋಕೆ ಈ ಫಾರಮಿನಲ್ಲಿ ಜಾಗ ಇಲ್ಲ. ಎಲ್ಲ ತಾಯಂದಿರಿಗೂ ಒಂದೇ ಅಳತೆ." ಸಿಗ್ನೆ ದನಿ ತಗ್ಗಿಸಿದಳು. "ನೋಡಿ, ಇನ್ನೊಂದು ಸಲ ನೀವು ಮಾತಾಡಿದ್ರೆ, ತನ್ನ ಉತ್ತರ ತಾನೇ ಕೊಡಲಾರಳು ಅಂತ ಬರೀಬೇಕಾಗುತ್ತೆ. ಅದು ಅವಳಿಗೇ ಕೇಡು."

ಸಿಗ್ನೆ ಮುಂದಿನ ಪ್ರಶ್ನೆ ಓದಿದಳು.

"ಕೂಸಿಗೆ ಹೊಡೀಬೇಕು ಅಂತ ಯಾವತ್ತಾದ್ರೂ ಅನಿಸಿದೆಯಾ?"

ಇವಾಲು ಮೂಗು ಸುಕ್ಕಿಸಿದಳು. ಛೇ, ಇಲ್ಲವೇ ಇಲ್ಲ ಎಂದು ಅವರು ಹೇಳುವ ಸೊಟ್ಟ ಮೂಗು ಅದು. ಸಿಗ್ನೆಯ ಪೆನ್ನು ಓಡಿತು. ಎದುರಿನವರ ಚೀಟಿಯನ್ನು ತಲೆಕೆಳಗಾಗಿ ಓದುವುದು ಬೊಲೆಟ್‌ಗೆ ಹಳೆಯ ಅಭ್ಯಾಸ. 'ಉತ್ತರವಿಲ್ಲ. ಮಗುವಿನ ಮಾತು ಬಂದಾಗ ಮುಖದಲ್ಲಿ ಅಸಹ್ಯ.'

ಊರು ಯಾವುದು, ಅಡುಗೆ ಏನು ಎಂದಾಗ ಇವಾಲು ಬಾಯಿಬಿಟ್ಟು ಹೇಳಿದಳು. ಹೌದು, ಇಲ್ಲಗಳೆಲ್ಲ ಮುಖದಲ್ಲೇ ಬಂದು ಮುಖದಲ್ಲೇ ಉಳಿದವು. ಬೊಲೆಟ್ ಮಡಿಲಲ್ಲಿ ಬೆರಳು ಮಡಿಸಿ ಅವನ್ನು ಎಣಿಸುತ್ತಿದ್ದಳು. ಇಪ್ಪತ್ತೇಳಾದ ಮೇಲೆ ಎಣಿಸುವುದನ್ನು ಬಿಟ್ಟಳು.

"ಕೊನೇದು. ನಿಮ್ಮ ಮಗಳ ಮೇಲೆ ನಿಮಗೆ ಪ್ರೀತಿ ಇದೆಯಾ?"

ಇವಾಲುವಿನ ಹುಬ್ಬು ಹಣೆಯ ಕೂದಲನ್ನು ಮುಟ್ಟುವಷ್ಟು ಮೇಲೇರಿ ಅಲ್ಲೇ ನಿಂತಿತು. ಕಣ್ಣು ತುಂಬಿ ಬಂತು. ಫೋನಿನ ಆಚೆಯವರು ಮಾತಿಗಾಗಿ ಕಾದರು. ಮಾತಾಡಿದರೆ ಒಂದು ಕೇಡು, ಆಡದಿದ್ದರೆ ಇನ್ನೊಂದು. ಎರಡನ್ನೂ ತೂಗಿ ಬೊಲೆಟ್ ಬಾಯಿ ತೆರೆಯುವಷ್ಟರಲ್ಲಿ ಸಿಗ್ನೆ ಬೇಡವೆಂದು ಬೆರಳೆತ್ತಿದಳು. ಬೊಲೆಟ್ ಬಾಯಿ ಮುಚ್ಚಿದಳು. ಪೆನ್ನಿನ ಸದ್ದು ಕೇಳಿಸಿತು.

ಪರೀಕ್ಷೆ ಮುಗಿದ ಮೇಲೆ ಇವಾಲು ಬಚ್ಚಲಿಗೆ ಹೋಗಿ, ಬಿಗಿದಿದ್ದ ಎದೆಯಿಂದ ಇನ್ನೊಂದು ಸೀಸೆಗೆ ಹಾಲು ಹಿಂಡಿ ತಂದಳು. ಮುಖ ಅರಳಿತ್ತು.

"ಒಂದು ಪ್ರಶ್ನೆನೂ ಬಿಡ್ಲಿಲ್ಲ ಅತ್ತೆ. ಎಲ್ಲಕ್ಕೂ ಸರಿಯಾಗಿ ಉತ್ತರ ಕೊಟ್ಟೆ ಅಲ್ವಾ?"

ಬೊಲೆಟ್ ಹುಬ್ಬೆತ್ತಿದಳು.

"ನೀನ್ಯಾಕೆ ಒಣಗಿದ ಮೀನಿನ ಥರ ಕೂತಿದ್ದೆ? ತಗೋ, ಇದಕ್ಕೂ ಚೀಟಿ ಬರಿ. ಇದೇ ಕೊನೇದು. ಇನ್ಮೇಲೆ ನಾನೇ ಕುಡಿಸ್ತೀನಲ್ಲ."

ಬೊಲೆಟ್ ಸೀಸೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದಳು. ಹಾಲು ನೆಲೆಗೊಳ್ಳುವವರೆಗೆ ಕಾದು, ಗೆರೆ ನೋಡಿ ಬರೆದಳು: 65 ಮಿಲಿಲೀಟರ್.