ಮಾಸ್ತರು ಬರೆದ ಸೊನ್ನೆ

ಬೆಳಗಾದರೆ ಹೂವಿನ ಚಿತ್ರ ಬರುವ ಈ ಗ್ರೂಪಿಗೆ ಇವತ್ತು ಸಿಟ್ಟಿನ ಕಥೆಯೊಂದನ್ನು ಕಳಿಸುತ್ತಿದ್ದೇನೆ… ಬೇಡವಾದವರು ಹೂವನ್ನೇ ನೋಡಿಕೊಂಡಿರಿ.

ಗದಗಿನ ಕಡೆಯ ಒಬ್ಬ ಶಾಲಾ ಮಾಸ್ತರು, ರಾಚಪ್ಪ. ಅವರ ಹೆಂಡತಿ ಕಸ್ತೂರೆವ್ವ, ವಯಸ್ಸು ನಲವತ್ತೆಂಟು. ಎಡ ಸ್ತನದಲ್ಲಿ ಕ್ಯಾನ್ಸರ್.

ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಕಿಮೋ ಶುರುವಾಯಿತು. ಅಲ್ಲೇ ಒಂದು ಸಂಶೋಧನೆಯೂ ನಡೆದಿತ್ತು… ಔಷಧ ಎಷ್ಟು ಕೊಟ್ಟರೆ ಗಡ್ಡೆ ಕರಗುತ್ತದೆ, ಎಷ್ಟಕ್ಕೆ ಕೈಕಾಲಿನ ನರಗಳು ಕೆಡುತ್ತವೆ ಎಂದು ತಿಳಿಯಲು. ಕಸ್ತೂರೆವ್ವ ಎಲ್ಲ ಕೇಳಿಸಿಕೊಂಡು, ಒಪ್ಪಿ, ತಾವೇ ಸಹಿ ಹಾಕಿದರು.

ಅವರಿಗೊಂದು ಕಾರ್ಡ್ ಕೊಟ್ಟರು. ದಿನಾ ಸಂಜೆ ಬೆರಳು ಎಷ್ಟು ಜೋಮು ಹಿಡಿದಿದೆ ಎಂದು ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಬರೆಯಬೇಕು. ಅಂಕಿ ಐದು ದಾಟಿದರೆ ಡಾಕ್ಟರು ಡೋಸ್ ಇಳಿಸಬೇಕು… ಇಷ್ಟೇ.

ಆ ಕಾರ್ಡನ್ನು ಮಾಸ್ತರು ತಮ್ಮ ಜೇಬಿಗೆ ಇಳಿಸಿದರು!

"ನಿನ್ನ ಅಕ್ಷರ ಯಾರಿಗೆ ತಿಳೀತಾವ? ನಾ ಬರೀತೀನಿ ಬಿಡು."

ಇಪ್ಪತ್ತಾರು ವರ್ಷ ಊರ ಮಕ್ಕಳಿಗೆಲ್ಲ ಮಾರ್ಕ್ಸ್ ಹಾಕಿದ ಕೈ. ದಿನಾ ಸಂಜೆ ದುಂಡಗೆ ಒಂದು ಸೊನ್ನೆ ಬರೆದಿಡುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳುತ್ತಿದ್ದರು: "ಹೇಗಿದ್ದಾರೆ?"

ಕೇಳುತ್ತಿದ್ದದ್ದು ಯಾರನ್ನು? ಮಾಸ್ತರನ್ನು.

"ಆರಾಮ ಅದಾಳ್ರೀ. ಮನಿ ಕೆಲಸ ಎಲ್ಲಾ ಆಕೀನ ಮಾಡ್ತಾಳ."

ಕಾರ್ಡ್ ನೋಡಿದರೆ ಸೊನ್ನೆ. ಮತ್ತೆ ಪೂರ್ತಿ ಡೋಸ್…

ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಕಸ್ತೂರೆವ್ವನಿಗೆ ಬಾಯಿ ಇರಲಿಲ್ಲವೇ? ಇತ್ತು. ಗಂಡ ಮಾತಾಡುವಾಗ ನಡುವೆ ಬಾಯಿ ಹಾಕಬಾರದು ಎಂದು ಸಣ್ಣವರಿದ್ದಾಗಲೇ ಕಲಿಸಿಬಿಟ್ಟಿದ್ದರು. ಕಲಿಸಿದವರ ಮನೆ ಹಾಳಾಗ!

ನಾಲ್ಕನೇ ಸಲ ಬಂದಾಗ ಸೂಜಿ ಚುಚ್ಚಲು ನರ್ಸ್ ಅವರ ಬಲಗೈ ಹೊರಳಿಸಿದಳು. ಮೂರು ಬೆರಳ ತುದಿಗೆ ದೊಡ್ಡ ಬೊಬ್ಬೆಗಳು.

"ಇದೇನಮ್ಮಾ?"

"ನಿನ್ನೆ ರೊಟ್ಟಿ ತಿರುವುವಾಗ ಹಂಚಿಗೆ ಹತ್ತಿತ್ತು ಕಾಣಸ್ತದವ್ವಾ… ಸುಟ್ಟ ವಾಸನಿ ಬಂತು. ಆಗ ಗೊತ್ತಾತು."

ಓದಿದಿರಾ? ಬೆರಳು ಸುಟ್ಟದ್ದು ಆಕೆಗೆ ತಿಳಿದದ್ದು ಮೂಗಿನಿಂದ.

ಡಾಕ್ಟರಮ್ಮ ಓಡಿ ಬಂದರು. ಕೈ ನೋಡಿದರು, ಕಾರ್ಡ್ ನೋಡಿದರು. "ಮಾಸ್ತರೇ, ಇದರಲ್ಲಿ ಬರೀ ಸೊನ್ನೆ ಇದೆಯಲ್ಲ!"

ಮಾಸ್ತರು ತಲೆ ತಗ್ಗಿಸಿದರು. "ಅಂಕಿ ಹೆಚ್ಚಾದ್ರ ಫೇಲ್ ಮಾಡಿ ಹೊರಗ ಹಾಕ್ತೀರಿ, ಔಷಧ ನಿಲ್ಲಸ್ತೀರಿ ಅಂತ ಹೆದರಿದೆ… ಆಕಿ ಬದುಕಲಿ ಅಂತ ಸೊನ್ನಿ ಹಾಕೀನ್ರೀ."

ಇಲ್ಲಿ ಕೆಲವರಿಗೆ "ಅಯ್ಯೋ ಪಾಪ" ಅನಿಸಬಹುದು. ನನಗೆ ಅನಿಸಲಿಲ್ಲ. ಕಸ್ತೂರೆವ್ವನಿಗೂ ಅನಿಸಲಿಲ್ಲ.

ಅವರು ಕುರ್ಚಿ ಬಿಟ್ಟು ಎದ್ದರು. ಅಷ್ಟು ವರ್ಷದಲ್ಲಿ ಮೊದಲ ಸಲ ಎಲ್ಲರೆದುರು ದನಿ ಏರಿಸಿದರು.

"ನನ್ನ ಕೈಗೆ ಸೊನ್ನಿ ಹಾಕಾಕ ನೀವ್ಯಾರ್ರೀ? ಜೋಮು ಹಿಡದೈತಿ ಅಂತ ದಿನಾ ಹೇಳಿದೆ. ಹೂಂ ಅಂದ್ರಿ. ಹೂಂ ಅಂತಾನ ಸೊನ್ನಿ ಬರದ್ರಿ!"

ಕಸ್ತೂರೆವ್ವ ಡಾಕ್ಟರಮ್ಮನ ಕಡೆ ತಿರುಗಿದರು.

"ನೀವೂ ಅಷ್ಟ. ನಾಕ ಸಲ ಬಂದೀನಿ. ರೋಗ ನನಗ, ಕೇಳೋದು ಅವರಿಗೆ. ಒಮ್ಮಿಯರ ನನ್ನ ಮಾರಿ ನೋಡಿ ಕೇಳೀರೇನು?"

ಡಾಕ್ಟರಮ್ಮ ಕುರ್ಚಿಯನ್ನು ಕಸ್ತೂರೆವ್ವನ ಕಡೆ ತಿರುಗಿಸಿ ಕೂತರು.

ಅಂದೇ ಡೋಸ್ ಇಳಿಯಿತು. ಸಂಶೋಧನೆಯಲ್ಲಿದ್ದ ಉಳಿದ ಹೆಂಗಸರ ಕಾರ್ಡುಗಳನ್ನೂ ತೆಗೆಸಿ ನೋಡಿದರು. ಎಷ್ಟೋ ಕಾರ್ಡುಗಳಲ್ಲಿ ಸೊನ್ನೆಯೇ ಸೊನ್ನೆ… ಬರೆದವರು ಗಂಡ, ಮಗ, ಮೈದುನ.

ಗಂಡಸರನ್ನೆಲ್ಲ ಚಹಾ ಕುಡಿಯಲು ಕ್ಯಾಂಟೀನಿಗೆ ಅಟ್ಟಿ, ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಕೇಳಿದರು. ಒಬ್ಬ ಮುದುಕಿ "ಏಳು" ಎಂದವರೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. "ಇಷ್ಟು ದಿನ ನನ್ನ ಯಾರೂ ಕೇಳಿರಲಿಲ್ಲವ್ವಾ…"

ಆ ಸುಳ್ಳು ಸೊನ್ನೆಗಳನ್ನೇ ಕೂಡಿಸಿ "ಈ ಡೋಸಿನಿಂದ ಕೈಗೆ ಏನೂ ಆಗುವುದಿಲ್ಲ" ಎಂದು ವರದಿ ಬರೆದಿದ್ದರೆ? ನಾಳೆ ಇನ್ನೆಷ್ಟು ಹೆಂಗಸರು ತಮ್ಮ ಬೆರಳು ಸುಟ್ಟದ್ದನ್ನು ಮೂಗಿನಿಂದ ತಿಳಿಯಬೇಕಿತ್ತು?

ಕಸ್ತೂರೆವ್ವನ ಬೆರಳಿಗೆ ಸ್ಪರ್ಶ ಮರಳುತ್ತದೆಯೇ? "ನಿಧಾನಕ್ಕೆ ಬರಬಹುದು… ಬರದೆಯೂ ಇರಬಹುದು" ಎಂದರು ಡಾಕ್ಟರಮ್ಮ. ಒಲೆಯ ಹತ್ತಿರ ಹೋಗಕೂಡದು ಎಂದು ಕಟ್ಟಪ್ಪಣೆ ಮಾಡಿದರು.

ಮನೆಗೆ ಬಂದ ಮೇಲೆ ಕಸ್ತೂರೆವ್ವ ಹದಿನೈದು ದಿನ ಗಂಡನ ಜೊತೆ ಮಾತು ಬಿಟ್ಟರು. ಕಾರ್ಡ್ ಈಗ ಅವರ ತಲೆದಿಂಬಿನ ಕೆಳಗೆ. ಸೊಟ್ಟ ಅಂಕಿಗಳನ್ನು ತಾವೇ ಬರೆಯುತ್ತಿದ್ದರು.

ರೊಟ್ಟಿ ಬಡಿಯುವ ಕೆಲಸ ಮಾಸ್ತರ ಪಾಲಿಗೆ ಬಂತು. ಒಂದು ದಿನ ರೊಟ್ಟಿ ತಿರುವಲು ಹೋಗಿ ಹಂಚಿಗೆ ಬೆರಳು ತಾಗಿಸಿಕೊಂಡರು.

"ಯವ್ವಾ!" ಎಂದು ಚೀರಿ ಕೈ ಝಾಡಿಸಿದರು.

ಕಸ್ತೂರೆವ್ವ ಒಳಗಿನಿಂದ ಕಾರ್ಡು, ಪೆನ್ನು ತಂದು ಅವರ ಮುಂದೆ ಇಟ್ಟರು.

"ಬರೀರಿ… ಸೊನ್ನಿ."

ಮಾಸ್ತರು ಪೆನ್ನು ಹಿಡಿದರು. ಬರೆಯಲು ಆಗಲಿಲ್ಲ. ಒಲೆಯ ಮುಂದೆ ಕುಸಿದು ಕೂತು ಗಳಗಳನೆ ಅತ್ತರು.

ಕಸ್ತೂರೆವ್ವ ಸಮಾಧಾನ ಹೇಳಲಿಲ್ಲ. ಯಾಕೆ ಹೇಳಬೇಕು? ಅವರ ಕೈ ಎಳೆದು ಪಕ್ಕದ ಬೋಗುಣಿಯ ನೀರಿನಲ್ಲಿ ಅದ್ದಿದರು. ತಮ್ಮ ಕೈಯೂ ಅದೇ ನೀರಿನಲ್ಲಿತ್ತು…

ಆಮೇಲೆ ಕೇಳಿದರು:

"ನೀರು ತಣ್ಣಗೈತೇನ್ರೀ? ನನಗ ತಿಳಿಯಂಗಿಲ್ಲ… ಅದಕ್ಕ ನಿಮ್ಮನ್ನ ಕೇಳಾಕತ್ತೀನಿ."

* * *

ನೋವು ಯಾರದೋ, ಅದರ ಅಂಕಿಯನ್ನು ಹೇಳುವ ಹಕ್ಕೂ ಅವರದೇ.

ನಿಮ್ಮ ಮನೆಯ ಹೆಂಗಸನ್ನು ಡಾಕ್ಟರು "ಹೇಗಿದ್ದೀರಮ್ಮಾ?" ಎಂದು ಕೇಳಿದಾಗ… ಮೊದಲು ಬಾಯಿ ತೆರೆಯುವವರು ಯಾರು?